ಎಡಕ್ಕೆ ಸುತ್ತಿದ ಬೀಡಿ

ನಶೀದಾಳಿಗೆ ಅನುಮಾನ ಹುಟ್ಟಿದ್ದು ವಾಸನೆಯಿಂದ. ಪುತ್ತೂರಿನ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು, ಸಂಜೆಯ ಬಸ್ಸಿನಲ್ಲಿ ಜೋತುಬಿದ್ದು ಕುಂಬ್ರಕ್ಕೆ ಬಂದು ಮಗಳನ್ನು ಎತ್ತಿಕೊಂಡರೆ ಹಸ್ನಾಳ ಫ್ರಾಕಿನಲ್ಲಿ ಹೊಗೆಸೊಪ್ಪಿನ ಘಾಟು. ಏಳು ವರ್ಷದ ಮಗುವಿನ ಮೈಯಲ್ಲಿ ಹೊಗೆಸೊಪ್ಪು ಎಂತಕ್ಕೆ? ಅತ್ತೆ ಝೈನಬ ಬೀಡಿ ಕಟ್ಟುತ್ತಾರೆ, ಸರಿ. ಬೀಡಿ ಕಟ್ಟುವ ಮನೆಯಲ್ಲಿ ವಾಸನೆ ಇರುವುದೇ. ಆದರೆ ಪಕ್ಕದಲ್ಲಿ ಕೂತವರಿಗೆ ಹಿಡಿಯುವ ವಾಸನೆ ಬೇರೆ, ಕೈಯಾಡಿಸಿದವರಿಗೆ ಹಿಡಿಯುವ ವಾಸನೆ ಬೇರೆ. ಅದನ್ನು ನಶೀದಾಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳೂ ಬೆಳ್ಳಾರೆಯಲ್ಲಿ ತಾಯಿ ರುಕಿಯಾರ ಪಕ್ಕ ಕೂತು ಬೀಡಿ ಕಟ್ಟಿಕೊಂಡೇ ಪಿಯುಸಿ ಮುಗಿಸಿದವಳು.

ಅನುಮಾನ ಅಂದರೆ ಹಾಗೆಯೇ ನೋಡಿ. ಬಾಗಿಲಲ್ಲಿ ನಿಂತಿರುವಾಗ ಪಾಪದ್ದು ಅನಿಸುತ್ತದೆ. ಒಮ್ಮೆ ಒಳಗೆ ಬಂದರೆ ಕಾಲು ಚಾಚಿ ಕೂತು ಊಟ ಬಡಿಸಿ ಅನ್ನುತ್ತದೆ. ನಶೀದಾಳ ಅನುಮಾನ ಬಂದು ಕೂತದ್ದು ಮಗಳ ಎಡಗೈಯ ಮೇಲೆ.

ಹಸ್ನಾ ಎಡಚಿ. ಅಂಬೆಗಾಲಿಡುವಾಗಲೇ ಆಟಿಕೆಗೆ ಎಡಗೈ ಚಾಚಿದವಳು. ಅವಳ ಅಜ್ಜ ಮೊಯ್ದಿನಬ್ಬರಿಗೆ ಕುಂಬ್ರದ ಜಂಕ್ಷನ್ನಿನಲ್ಲಿ ಚಪ್ಪಲಿ ಅಂಗಡಿ. ಗಿರಾಕಿ ಎಡಗೈಯಲ್ಲಿ ನೋಟು ಚಾಚಿದರೆ, "ಈಚೆ ಕೈಯಲ್ಲಿ ಕೊಡಿ ಮಾರಾಯ್ರೆ, ಬರ್ಕತ್ತು ಹೋಗ್ತದೆ" ಅಂತ ಕೈಕಟ್ಟಿ ನಿಲ್ಲುವ ಮನುಷ್ಯ ಅವರು. ಅಂಥವರ ಮನೆಯಲ್ಲೇ ಎಡಚಿ ಹುಟ್ಟಬೇಕೇ. "ನಮ್ಮ ಕಡೆ ಯಾರೂ ಇಲ್ಲ ಹೀಗೆ" ಎಂದು ಅವರು ಹೇಳಿದರೆ, "ನಮ್ಮ ಕುಟುಂಬದಲ್ಲಿ ಎಡಚರು ಹುಟ್ಟಿದ್ದೇ ಇಲ್ಲ" ಎಂದು ಬೆಳ್ಳಾರೆಯ ರುಕಿಯಾ ಹೇಳಿದರು. ಎರಡೂ ಕಡೆಯವರ ಮಾತು ನಂಬಿದರೆ ಮಗು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದೇ ಇರಬೇಕು.

ತಿನ್ನುವ ಕೈ ಬಲಗೈ. ಅದರಲ್ಲಿ ನಶೀದಾಳಿಗೂ ಎರಡು ಮಾತಿಲ್ಲ. ಬಿಸ್ಮಿ ಹೇಳಿ ಬಲಗೈಯಲ್ಲಿ ತುತ್ತು ತೆಗೆದುಕೊಳ್ಳಲು ಅವಳೇ ಕಲಿಸಿದ್ದಳು. ಆದರೆ ಬರೆಯುವುದು, ಚಿತ್ರ ಬಿಡಿಸುವುದು, ಕತ್ತರಿ ಹಿಡಿಯುವುದು, ಅದೆಲ್ಲ ಮಗಳ ಕೈ ಮಗಳ ಇಷ್ಟ. ಶಾಲೆಯ ಪೂಜಿತಾ ಟೀಚರ್ ಕೂಡ, "ಎಡಗೈಯಲ್ಲೇ ಬರೀಲಿ, ಬದಲಾಯಿಸ್ಲಿಕ್ಕೆ ಹೋಗ್ಬೇಡಿ, ಅಕ್ಷರ ಚಂದ ಉಂಟು" ಅಂದಿದ್ದರು. ಆ ಮಾತನ್ನು ನಶೀದಾ ಮನೆಯಲ್ಲಿ ಅತ್ತೆ ಮಾವನ ಎದುರು ಹೇಳಿ, ಸೌದಿಯ ಜುಬೈಲಿನಲ್ಲಿರುವ ಗಂಡ ನೌಷಾದನಿಗೂ ಫೋನಿನಲ್ಲಿ ಹೇಳಿ, ಒಂದು ಗೆರೆ ಎಳೆದಿದ್ದಳು. ಮಗಳ ಎಡಗೈಯ ತಂಟೆಗೆ ಯಾರೂ ಬರಕೂಡದು. ಬಂದರೆ ತಾನು ಸುಮ್ಮನಿರುವವಳಲ್ಲ.

ಮೊಯ್ದಿನಬ್ಬ ಮುಖ ಸಿಂಡರಿಸಿ ಎದ್ದುಹೋದರು. ಝೈನಬ ಮಾತ್ರ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಮೀನಿಗೆ ಉಪ್ಪು ಸವರುತ್ತಾ ಕೂತರು. ಆ ಮೌನವೇ ನಶೀದಾಳಿಗೆ ಸರಿ ಕಾಣಲಿಲ್ಲ.

ಯಾಕೆಂದರೆ ಊಟದ ಹೊತ್ತಿಗೆ ಮಗುವಿನ ಮೇಲೆ ಹದ್ದಿನ ಕಣ್ಣಿಡುವವರು ಝೈನಬರೇ. ನೀರಿನ ಲೋಟಕ್ಕೆ ಹಸ್ನಾಳ ಎಡಗೈ ಹೋದರೆ ಸಾಕು, "ಬಲಗೈ" ಎಂಬ ಮಾತು ಬಾಯಿಂದ ಹಾರುತ್ತಿತ್ತು. ಅಜ್ಜನಿಗೆ ಎಲೆಯಡಿಕೆಯ ತಟ್ಟೆ ಕೊಡುವಾಗ, ಬಂದವರಿಗೆ ಶರಬತ್ತು ಕೊಡುವಾಗ, ಅಜ್ಜಿಯ ಬೆರಳು ಮಗುವಿನ ಎಡ ಮಣಿಕಟ್ಟಿನ ಮೇಲೆ ಬರುತ್ತಿತ್ತು. ಹೊಡೆಯುವುದಿಲ್ಲ. ಹಿಡಿದು ಕೆಳಗಿಡುತ್ತಾರೆ, ಅಷ್ಟೇ. ಎದುರಿಗೇ ಇಷ್ಟು ಮಾಡುವವರು ಹಿಂದಿನಿಂದ ಎಷ್ಟು ಮಾಡುತ್ತಾರೋ ಅಂತ ನಶೀದಾ ಯೋಚಿಸಿದಳು. ಸೊಸೆಯಾದವಳು ಯೋಚಿಸುವುದೇ ಹಾಗೆ.

ಶಾಲೆಗೆ ಬೇಸಿಗೆ ರಜೆ ಬಂತು. ಹಸ್ನಾ ಇಡೀ ದಿನ ಅಜ್ಜಿಯ ವಶ. ನಶೀದಾಳ ಕೆಲಸ ನಿಂತಿರುವುದೇ ಅತ್ತೆಯ ಮೇಲಿನ ನಂಬಿಕೆಯ ಮೇಲೆ. ಆ ನಂಬಿಕೆ ಹೋದರೆ ಒಂದೋ ಕೆಲಸ ಬಿಡಬೇಕು, ಇಲ್ಲವೇ ಮನೆ ಬಿಡಬೇಕು, ಮೂರನೇ ದಾರಿ ಇಲ್ಲ. ಆದ್ದರಿಂದಲೇ ಅವಳು ಅನುಮಾನವನ್ನು ಸ್ವಲ್ಪ ದಿನ ಬಾಯಿಗೆ ಬಟ್ಟೆ ತುರುಕಿ ಮೂಲೆಯಲ್ಲಿ ಕೂರಿಸಿದಳು.

ಆದರೆ ಒಂದು ಸಂಜೆ ಮಗುವಿನ ಬಲಗೈಯ ತೋರುಬೆರಳಲ್ಲಿ ಗೀರು ಕಂಡಿತು. ಕತ್ತರಿಯ ಗೀರು. ಅರಸಿನ ಹಚ್ಚಿತ್ತು.

"ಇದೆಂತ ಆದದ್ದು?"

"ಕತ್ತರಿ ತಾಗಿದ್ದು."

"ಯಾರ ಕತ್ತರಿ?"

"ಉಮ್ಮಮ್ಮಂದು." ಅಜ್ಜಿಯನ್ನು ಅವಳು ಕರೆಯುವುದು ಹಾಗೆ.

"ಮಧ್ಯಾಹ್ನ ಎಂತ ಮಾಡುದು ನೀವಿಬ್ರು?"

"ಆಡುದು."

"ಎಂತ ಆಟ?"

ಹಸ್ನಾ ತುಟಿ ಬಿಗಿದಳು. ಆಮೇಲೆ ತಾಯಿಯ ಕಿವಿಯ ಹತ್ತಿರ ಬಂದು, "ಹೇಳ್ಲಿಕ್ಕಿಲ್ಲ. ಯಾರಿಗೂ ಹೇಳ್ಬಾರ್ದು ಅಂತ ಉಮ್ಮಮ್ಮ ಹೇಳಿದ್ದಾರೆ" ಅಂದಳು.

ನಶೀದಾ ಮಗಳ ಬೆರಳನ್ನು ತಿರುಗಿಸಿ ಮತ್ತೊಮ್ಮೆ ನೋಡಿದಳು. ಮಗುವಿಗೆ ಗುಟ್ಟು ಕಲಿಸುವವರ ಉದ್ದೇಶ ಒಳ್ಳೆಯದಿರಲು ಸಾಧ್ಯವೇ ಇಲ್ಲ ಎಂದು ಅವಳು ಯಾವತ್ತೋ ತೀರ್ಮಾನಿಸಿದ್ದಳು. ಪಕ್ಕದ ಮನೆಯ ಅಕ್ಕು ಬೇರೆ ಬೇಲಿಯಾಚೆಯಿಂದ, "ಮಧ್ಯಾಹ್ನ ಆದ್ರೆ ನಿಮ್ಮ ಹಿಂದಿನ ಜಗಲಿಯ ಬಾಗಿಲಿಗೆ ಚಿಲಕ ಬೀಳ್ತದಲ್ಲ, ಸೆಕೆಗೆ ಬಾಗಿಲು ಹಾಕುವವರನ್ನು ನಾನು ಕಂಡದ್ದು ಇಲ್ಲೇ" ಅಂದಳು. ಅಕ್ಕುವಿನ ನಾಲಿಗೆಗೆ ಎಲುಬಿಲ್ಲ, ನಿಜ. ಆದರೆ ಚಿಲಕ ಬಿದ್ದದ್ದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ನಶೀದಾ ಹಿಂದಿನ ಜಗಲಿಗೆ ಹೋದಳು. ಗೋಡೆಯ ಬದಿಗೆ ಸರಿಸಿ ಇಟ್ಟ ತಡ್ಪೆಯಲ್ಲಿ, ಅಂದರೆ ಬೀಡಿ ಕಟ್ಟುವ ಮೊರದಲ್ಲಿ, ಬೀಡಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ, ಒಂದು ಬದಿಯಲ್ಲಿ ಕಟ್ಟಿ ಮುಗಿಸಿದ ಬೀಡಿಗಳು. ಹಿಡಿ ತುಂಬ ಎತ್ತಿ ಬೆಳಕಿಗೆ ಹಿಡಿದಳು.

ಬೀಡಿ ಕಟ್ಟಿದವರಿಗೆ ಗೊತ್ತು. ಎಲೆಯ ಅಂಚು ಬೀಡಿಯ ಮೈಮೇಲೆ ಓರೆಯಾಗಿ ಏರುತ್ತದೆ. ಬಲಗೈಯವರು ಸುತ್ತಿದರೆ ಒಂದು ಕಡೆಗೆ, ಎಡಗೈಯವರು ಸುತ್ತಿದರೆ ಅದರ ಎದುರು ಕಡೆಗೆ. ಸೇದುವವನಿಗೆ ಇದು ಬೇಕಾಗಿಲ್ಲ. ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರಿಗೂ ಬೇಕಾಗಿಲ್ಲ, ಗಟ್ಟಿ ಇದ್ದರೆ ಆಯಿತು. ನಶೀದಾ ಒಂದೊಂದೇ ತಿರುಗಿಸಿ ನೋಡಿದಳು. ಬಲಕ್ಕೆ, ಬಲಕ್ಕೆ, ಬಲಕ್ಕೆ. ಆಮೇಲೆ ಎಡಕ್ಕೆ. ಮತ್ತೊಂದು ಎಡಕ್ಕೆ. ಅರ್ಧಕ್ಕರ್ಧ ಎಡಕ್ಕೆ ಸುತ್ತಿದವು.

ಈ ಮನೆಯಲ್ಲಿ ಎಡಗೈಯವರು ಇರುವುದು ಒಬ್ಬರೇ.

ಎಡಕ್ಕೆ ಸುತ್ತಿದವು ಉಳಿದವಕ್ಕಿಂತ ಗಟ್ಟಿಯಾಗಿದ್ದವು, ತುದಿಯ ಮಡಿಕೆಯೂ ಅಚ್ಚುಕಟ್ಟು. ತಲೆ ನೆಟ್ಟಗಿದ್ದರೆ ನಶೀದಾ ಅಲ್ಲಿಯೇ ತಡೆದು ನಿಲ್ಲಬೇಕಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇಷ್ಟು ಚಂದ ಕಟ್ಟಬೇಕಾದರೆ ಮಗುವನ್ನು ಎಷ್ಟು ಕಾಲದಿಂದ ಕೂರಿಸಿದ್ದಾರೋ, ಎಷ್ಟು ಗದರಿಸಿದ್ದಾರೋ ಎಂದು ಅವಳ ಕಣ್ಣು ತುಂಬಿತು. ಎಡಗೈಯಲ್ಲಿ ಲೋಟ ಮುಟ್ಟಬಾರದು, ಬೀಡಿ ಕಟ್ಟಿದರೆ ಅಡ್ಡಿಯಿಲ್ಲ. ಇದು ಇವರ ನ್ಯಾಯ.

ಮಧ್ಯಾಹ್ನ ಊಟ ಮುಗಿದು ಮೊಯ್ದಿನಬ್ಬ ಹಲ್ಲಿಗೆ ಕಡ್ಡಿ ಹಾಕುತ್ತಿದ್ದರು. ನೌಷಾದ್ ವಿಡಿಯೋ ಕಾಲಿನಲ್ಲಿ ಮಗಳಿಗೆ ಬೆಕ್ಕಿನ ಹಾಗೆ ಕೂಗಿ ತೋರಿಸುತ್ತಿದ್ದ. ನಶೀದಾ ಎರಡು ಬೀಡಿಗಳನ್ನು ಮೇಜಿನ ಮೇಲೆ ಇಟ್ಟಳು.

"ಇದು ಯಾರು ಕಟ್ಟಿದ್ದು ಮಾಮಿ?"

"ಎಂತ ಅದು?" ಅಂದರು ಮೊಯ್ದಿನಬ್ಬ.

ನಶೀದಾ ವಿವರಿಸಿದಳು. ಬಲದ ಸುತ್ತು, ಎಡದ ಸುತ್ತು, ಫ್ರಾಕಿನ ವಾಸನೆ, ಬೆರಳಿನ ಗೀರು, ಚಿಲಕ, ಗುಟ್ಟು. ಹೇಳುತ್ತಾ ಹೇಳುತ್ತಾ ಸ್ವರ ಏರಿತು. ಮಗುವಿನ ಕೈಯಲ್ಲಿ ಬೀಡಿ ಕಟ್ಟಿಸುವ ಮನೆಗೆ ತಾನು ಮದುವೆಯಾಗಿ ಬಂದದ್ದಲ್ಲ ಎಂದಳು. ಮೊಯ್ದಿನಬ್ಬರ ಕೈಯ ಕಡ್ಡಿ ಬಾಯಿಯ ಹತ್ತಿರವೇ ನಿಂತಿತು.

"ಅಲ್ಲ ಉಮ್ಮ, ಅದು ನಾನಲ್ಲ, ಉಮ್ಮಮ್ಮ..." ಎಂದು ಹಸ್ನಾ ಬಾಯಿ ತೆರೆದಳು.

ಝೈನಬ ಮಗುವಿನ ತಲೆಯ ಮೇಲೆ ಬಲಗೈ ಇಟ್ಟರು. ಹಸ್ನಾ ಸುಮ್ಮನಾದಳು. ಝೈನಬ ಮೇಜಿನ ಮೇಲಿನ ಬೀಡಿಯನ್ನು ನೋಡಿದರು, ಗಂಡನನ್ನು ನೋಡಿದರು, ಕೊನೆಗೆ ಫೋನಿನಲ್ಲಿದ್ದ ಮಗನನ್ನು ನೋಡಿದರು.

"ಹೌದು," ಅಂದರು. "ನಾನೇ ಕಟ್ಟಿಸಿದ್ದು."

ಮೊಯ್ದಿನಬ್ಬ ಬೈದರು ನೋಡಿ, ಅಕ್ಕು ಬೇಲಿಯ ಹತ್ತಿರ ಬಂದು ನಿಲ್ಲುವಷ್ಟು ಬೈದರು. ಮೊಮ್ಮಗಳ ಕೈಯಲ್ಲಿ ಕೆಲಸ ಮಾಡಿಸಿ ತಿನ್ನುವಷ್ಟು ಬಡತನ ನಮ್ಮ ಮನೆಗೆ ಬಂದಿದೆಯಾ ಎಂದು ಕೇಳಿದರು. ಝೈನಬ ತಲೆ ತಗ್ಗಿಸಿ ಕೂತರು. ನೌಷಾದನಿಗೆ ತಾಯಿಯನ್ನು ಬೈಯಲಾಗದು, ಹೆಂಡತಿಯನ್ನು ಬಿಡಲಾಗದು. "ಸದ್ಯಕ್ಕೆ ಮಗುವನ್ನು ಬೆಳ್ಳಾರೆಗೆ ಬಿಟ್ಟು ಬಾ" ಎಂದು ಫೋನ್ ಇಟ್ಟ.

ಅತ್ತೆ ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ನಶೀದಾಳಿಗೆ ಹೊಸ ಅನುಮಾನವಾಯಿತು. ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಲಿಕ್ಕೆ ಇದನ್ನು ಒಪ್ಪಿಕೊಂಡರೋ ಏನೋ. ಆದರೂ ಮಾರನೇ ದಿನವೇ ಹಸ್ನಾಳ ಬಟ್ಟೆಯನ್ನು ಚೀಲಕ್ಕೆ ತುಂಬಿದಳು. ಮಗು ಅಜ್ಜಿಯ ಸೆರಗು ಬಿಡಲಿಲ್ಲ, ಅತ್ತೂ ಅತ್ತೂ ಬಿಕ್ಕಳಿಕೆ ಹಿಡಿಯಿತು. ಝೈನಬ ಮೆಟ್ಟಿಲಲ್ಲಿ ನಿಂತು, "ಜೂನಿಗೆ ಬರ್ತಾಳಲ್ಲ? ಶಾಲೆಗೆ?" ಅಂತ ಕೇಳಿದರು.

ನಶೀದಾ ಚೀಲ ಹೆಗಲಿಗೇರಿಸಿ ಮಗುವಿನ ಕೈ ಹಿಡಿದು ಇಳಿದಳು. ಬೆಳ್ಳಾರೆಯ ಶಾಲೆಗೇ ಸೇರಿಸುವುದೆಂದು ಅವಳು ಆಗಲೇ ಮನಸ್ಸು ಮಾಡಿದ್ದಳು. ತಾಯಿಯ ಮನೆಯಲ್ಲಿ ಮಗು ಸುಖವಾಗಿರುತ್ತದೆ, ತಾನು ಭಾನುವಾರ ಹೋಗಿಬಂದರಾಯಿತು. ರುಕಿಯಾ ಮೊಮ್ಮಗಳನ್ನು ಬಾಗಿಲಲ್ಲೇ ಬಾಚಿ ಎತ್ತಿಕೊಂಡು, "ನನ್ನ ಹತ್ರ ಬಿಡು, ನಿನಗೆ ಯಾವ ತಲೆಬಿಸಿಯೂ ಬೇಡ" ಅಂದರು. ಲೋಕದಲ್ಲಿ ನಶೀದಾ ಅನುಮಾನಿಸದ ಮನುಷ್ಯರು ಯಾರಾದರೂ ಇದ್ದರೆ ಅದು ರುಕಿಯಾ ಒಬ್ಬರೇ.

ಕುಂಬ್ರದ ಮನೆ ಬಾವಿಯ ಹಾಗೆ ತಣ್ಣಗಾಯಿತು. ಝೈನಬ ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ನಶೀದಾಳ ಟಿಫಿನ್ ಡಬ್ಬಿಯಲ್ಲಿ ಮೀನಿನ ನಡು ತುಂಡನ್ನೇ ಇಡುತ್ತಿದ್ದರು. ಆ ನಡು ತುಂಡನ್ನೂ ನಶೀದಾ ಅನುಮಾನದಿಂದಲೇ ತಿಂದಳು. ತಪ್ಪು ಮಾಡಿದವರು ಚೆನ್ನಾಗಿ ಬಡಿಸುತ್ತಾರೆ ಎಂಬುದು ಅವಳ ಲೆಕ್ಕ.

ಒಂದು ಬೆಳಿಗ್ಗೆ ಬಟ್ಟೆ ಒಣಗಿಸಲು ಹಿಂದಿನ ಜಗಲಿಗೆ ಹೋದವಳು ಸುಮ್ಮನೆ ತಡ್ಪೆಯತ್ತ ಕಣ್ಣು ಹಾಯಿಸಿದಳು. ಕಣ್ಣು ಹಾಯಿಸಿದವಳು ಬಗ್ಗಿ ನೋಡಿದಳು. ಬಗ್ಗಿ ನೋಡಿದವಳು ಒಂದು ಬೀಡಿ ಎತ್ತಿ ತಿರುಗಿಸಿದಳು.

ಎಡಕ್ಕೆ.

ಹಸ್ನಾ ಬೆಳ್ಳಾರೆಗೆ ಹೋಗಿ ಎಷ್ಟೋ ದಿನವಾಗಿದೆ. ಹಳೆಯ ಬೀಡಿ ಇದಲ್ಲ, ವಾರ ವಾರ ಬ್ರಾಂಚಿಗೆ ಹೋಗುತ್ತದೆ. ಹೊಸ ಎಲೆ, ಹೊಸ ನೂಲು. ಹಾಗಾದರೆ ಯಾರ ಕೈ ಇದು? ಅಕ್ಕುವಿನ ತಂಗಿಯ ಮಕ್ಕಳು ರಜೆಗೆ ಬಂದಿದ್ದಾರೆ. ಅವರಲ್ಲಿ ಯಾವುದಾದರೂ ಎಡಗೈಯ ಮಗುವನ್ನು ಮಿಠಾಯಿ ತೋರಿಸಿ ಕೂರಿಸಿರಬೇಕು. ನಮ್ಮ ಮಗು ಹೋಯಿತು, ಊರಿನ ಮಗು ಬಂತು. ನಶೀದಾಳಿಗೆ ಮೈ ಉರಿಯಿತು. ಇವತ್ತು ಕೈಸಮೇತ ಹಿಡಿದು ಮೊಯ್ದಿನಬ್ಬರ ಎದುರು ನಿಲ್ಲಿಸದಿದ್ದರೆ ತನ್ನ ಹೆಸರು ನಶೀದಾ ಅಲ್ಲ.

ಅಂಗಡಿಯ ಮಾಲೀಕನಿಗೆ ತಲೆನೋವೆಂದು ಹೇಳಿ ಮಧ್ಯಾಹ್ನದ ಬಸ್ಸು ಹಿಡಿದಳು. ಕುಂಬ್ರದಲ್ಲಿ ಇಳಿದು ಮಾವನ ಅಂಗಡಿಯ ಎದುರು ಹಾಯದೆ ಹಿಂದಿನ ಓಣಿಯಿಂದ ಬಂದಳು. ಬಚ್ಚಲಿನ ಬದಿಯಿಂದ ಜಗಲಿಗೆ ಒಂದು ಕಿಟಕಿ ಉಂಟು. ಅದರ ಒಂದು ರೆಕ್ಕೆ ಸರಿಯಾಗಿ ಮುಚ್ಚುವುದಿಲ್ಲ. ಕಳ್ಳಿಯ ಹಾಗೆ ಹೆಜ್ಜೆ ಇಟ್ಟು ಅದಕ್ಕೆ ಕಣ್ಣಿಟ್ಟಳು.

ಮಗು ಯಾವುದೂ ಇರಲಿಲ್ಲ. ಬಾಗಿಲಿಗೆ ಚಿಲಕ ಹಾಕಿಕೊಂಡು, ಕಾಲು ಚಾಚಿ, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಝೈನಬ ಒಬ್ಬರೇ ಕೂತಿದ್ದರು. ಕತ್ತರಿ ಅವರ ಎಡಗೈಯಲ್ಲಿತ್ತು. ಎಲೆ ಕತ್ತರಿಸಿದ್ದೂ ತಿಳಿಯಲಿಲ್ಲ, ಹುಡಿ ಹಾಕಿದ್ದೂ ತಿಳಿಯಲಿಲ್ಲ. ಎಡಗೈಯ ಬೆರಳುಗಳಲ್ಲಿ ಎಲೆ ಒಮ್ಮೆ ಹೊರಳಿತು, ತುದಿ ಮಡಚಿತು, ನೂಲು ಸುತ್ತಿತು, ಬೀಡಿ ಬದಿಗೆ ಬಿತ್ತು. ಇನ್ನೊಂದು. ಮತ್ತೊಂದು. ಬೆಳ್ಳಾರೆಯಲ್ಲಿ ಬೀಡಿಯ ನಡುವೆಯೇ ಬೆಳೆದ ನಶೀದಾ ಅಂಥ ಕೈಚಳಕ ಕಂಡದ್ದಿಲ್ಲ. ಅದಕ್ಕಿಂತಲೂ ಕಾಣದ್ದು ಅತ್ತೆಯ ಮುಖ. ಯಾವಾಗಲೂ ಗಂಟಿಕ್ಕಿರುವ ಹುಬ್ಬು ಬಿಚ್ಚಿಕೊಂಡಿತ್ತು. ಬಾಯಲ್ಲಿ ಸಣ್ಣಗೆ ಸ್ವಲಾತಿನ ಪ್ರಾರ್ಥನೆ ಹೇಳುತ್ತಿದ್ದರು.

ನಶೀದಾಳ ಚೀಲದ ಕೊಂಡಿ ಕಿಟಕಿಗೆ ತಾಗಿ ಸದ್ದಾಯಿತು.

ಕತ್ತರಿ ಬಲಗೈಗೆ ಹೋಯಿತು. ರೆಪ್ಪೆ ಬಡಿಯುವುದರೊಳಗೆ ಹೋಯಿತು. ಎಡಗೈ ಸೆರಗಿನ ಅಡಿಗೆ ಸೇರಿತು, ಹುಬ್ಬು ಮತ್ತೆ ಗಂಟಾಯಿತು. ಆ ಚುರುಕನ್ನು ನಶೀದಾ ನೋಡಿದಳು. ಇದು ಇವತ್ತು ನಿನ್ನೆಯ ಅಭ್ಯಾಸವಲ್ಲ.

"ಯಾರದು?"

"ನಾನು ಮಾಮಿ. ಬಾಗಿಲು ತೆಗೀರಿ."

ಚಿಲಕ ತೆಗೆದ ಝೈನಬ ಸೊಸೆಯ ಮುಖ ನೋಡಿದ ಕೂಡಲೇ ತಿಳಿದುಕೊಂಡರು. ಸುಳ್ಳು ಹೇಳಲು ಹೋಗಲಿಲ್ಲ. ಮತ್ತೆ ಹೋಗಿ ಕೂತರು. ನಶೀದಾಳೂ ಎದುರಿಗೆ ನೆಲದಲ್ಲಿ ಕೂತಳು.

"ನೀವು ಎಡಗೈಯವರಾ?"

"ಅಲ್ಲ," ಅಂದರು ಝೈನಬ. ಆಮೇಲೆ, "ಹೌದು. ಇಚಿಲಂಪಾಡಿಯಲ್ಲಿರುವಾಗ ಹೌದು."

ಇಚಿಲಂಪಾಡಿ ಅವರ ತವರು. ಅಲ್ಲಿಗೆ ಮೊದಲು ಒಂದು ಸಂಬಂಧ ಬಂದಿತ್ತಂತೆ. ಹುಡುಗನ ತಾಯಿ, ಅಕ್ಕಂದಿರು ಬಂದು ಚಾಪೆಯ ಮೇಲೆ ಕೂತಿದ್ದರು. ಝೈನಬ ಶರಬತ್ತಿನ ಲೋಟ ಕೊಟ್ಟದ್ದು ಎಡಗೈಯಲ್ಲಿ. ಹೆದರಿಕೆಯಲ್ಲಿ ಕೈ ತಪ್ಪಿತ್ತು, ಅಥವಾ ಕೈ ತನ್ನ ದಾರಿ ತಾನು ನೋಡಿಕೊಂಡಿತ್ತು. ಬಂದವರು ಲೋಟ ಮುಟ್ಟದೆ ಎದ್ದು ಹೋದರು. ಆ ದಿನದಿಂದ ತಾಯಿ ಮಗಳ ಎಡಗೈಯನ್ನು ಬೈರಾಸು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿದರು. ಮುಂದಿನ ಸಂಬಂಧ ಕುಂಬ್ರದ್ದು.

"ಆ ದಿನ ಬಲಗೈಯಲ್ಲಿ ಕೊಟ್ಟೆ," ಅಂದರು ಝೈನಬ. "ಇವತ್ತಿನವರೆಗೂ ಕೊಡ್ತಾ ಇದ್ದೇನೆ."

"ಮಾಮನಿಗೆ ಗೊತ್ತಿಲ್ವಾ?"

"ಗೊತ್ತಾದ್ರೆ? ಎಡಗೈಯವಳನ್ನು ಮೋಸ ಮಾಡಿ ಕಟ್ಟಿದ್ರು ಅಂತ ಸತ್ತುಹೋದ ನನ್ನ ಉಮ್ಮನನ್ನು ಎಳೀತಾರೆ. ಇಷ್ಟು ವರ್ಷ ಈ ಕೈಯಿಂದ ಊಟ ಮಾಡಿದ ಅನ್ನವೆಲ್ಲ ಅವರಿಗೆ ನೆನಪಾಗ್ತದೆ. ಮಗುವಿನ ಕೈಯಲ್ಲಿ ಬೀಡಿ ಕಟ್ಟಿಸಿದೆ ಅಂದ್ರೆ ನಾಲ್ಕು ದಿನ ಬೈದು ಮರೀತಾರೆ. ಇದನ್ನು ಮರೀಲಿಕ್ಕಿಲ್ಲ."

"ಆದ್ರೂ ಹಸ್ನಾಳನ್ನು ಕರ್ಕೊಂಡು ಹೋಗುವಾಗಲೂ ನೀವು ಬಾಯಿ ಬಿಡ್ಲಿಲ್ವಲ್ಲ."

"ನೀನು ವಾಪಸ್ ತರ್ತಿ ಅಂತ ಎಣಿಸಿದ್ದೆ ಮಗಳೇ."

ಅತ್ತೆಯ ಕಣ್ಣಿನಲ್ಲಿ ನೀರು ಬಂತು. ಅದನ್ನು ಒರಸಿಕೊಂಡದ್ದು ಬಲಗೈಯಲ್ಲಿ. ಆಮೇಲೆ ಒಂದೊಂದಾಗಿ ಹೇಳಿದರು. ಬಲಕ್ಕೆ ಸುತ್ತಿದ ಬೀಡಿ ಬಾಗಿಲು ತೆರೆದಿಟ್ಟು ಕಟ್ಟಿದ್ದು, ಎಡಕ್ಕೆ ಸುತ್ತಿದ್ದು ಚಿಲಕ ಹಾಕಿ ಕಟ್ಟಿದ್ದು. ಹಸ್ನಾ ಈ ಜಗಲಿಯಲ್ಲಿ ಬೀಡಿ ಕಟ್ಟಿದವಳಲ್ಲ, ತಡ್ಪೆಯ ಹುಡಿಯಲ್ಲಿ ಕೈಯಾಡಿಸಿ ಹರಿದ ಎಲೆಗಳನ್ನು ಆರಿಸಿ, ಕತ್ತರಿಸಿ ಹೂವು ಮಾಡುತ್ತಿದ್ದಳು. ಎಡಗೈಯಲ್ಲಿ ಕತ್ತರಿ ಹಿಡಿಯುವುದು ಹೇಗೆ ಎಂದು ತೋರಿಸಿಕೊಟ್ಟದ್ದು ಅಜ್ಜಿಯೇ, ಬೆರಳಿಗೆ ಗೀರು ಬಿದ್ದದ್ದೂ ಆವಾಗಲೇ. ಮೊಮ್ಮಗಳ ಎದುರು ಮಾತ್ರ ತನ್ನ ಕೈಯನ್ನು ಬಿಚ್ಚಿ ಬಿಟ್ಟದ್ದು. "ಅವರ ಎದುರು ಬಲಗೈ ಅಂತ ಹೇಳುದು, ಇಲ್ಲಿ ಚಿಲಕ ಹಾಕಿದ ಮೇಲೆ ಅವಳಿಷ್ಟ. ಅವಳು ನನ್ನ ಹಾಗೆ ಶರಬತ್ತಿನ ದಿನ ಸಿಕ್ಕಿಬೀಳ್ಬಾರ್ದಲ್ಲ. ಎರಡೂ ಗೊತ್ತಿರ್ಲಿ."

ನಶೀದಾಳಿಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗುವಂತಾಯಿತು. ಇಷ್ಟು ದಿನ ಇವರನ್ನು ರಾಕ್ಷಸಿ ಮಾಡಿ ಮೂಲೆಗೆ ಕೂರಿಸಿದ್ದೆನಲ್ಲ. ಇವರು ಬಡಿಸಿದ ಮೀನಿನಲ್ಲೂ ತಪ್ಪು ಹುಡುಕಿದೆನಲ್ಲ.

"ನಾಳೆಯೇ ಕರ್ಕೊಂಡು ಬರ್ತೇನೆ," ಅಂದಳು.

"ಅವರಿಗೆ ಎಂತ ಹೇಳ್ತಿ?"

"ಬೀಡಿಯ ಸುತ್ತು ನೋಡಿ ಕೈ ಹೇಳ್ಲಿಕ್ಕೆ ಆಗುದಿಲ್ಲ, ನನಗೆ ಭ್ರಾಂತು ಆದದ್ದು ಅಂತ ಹೇಳ್ತೇನೆ. ನೀವು ಜಗಳ ಬೇಡ ಅಂತ ಒಪ್ಪಿಕೊಂಡದ್ದು."

ಝೈನಬ ಸೊಸೆಯನ್ನು ನೋಡಿದರು. ಇವಳ ಮಾತನ್ನು ನಂಬಬಹುದೋ ಬೇಡವೋ ಎಂದು ತೂಗುತ್ತಿದ್ದರು. ಈಗ ಅನುಮಾನಿಸುವ ಸರದಿ ಅವರದ್ದು. ಕೊನೆಗೆ ಕತ್ತರಿ ಎತ್ತಿಕೊಂಡರು. ಎತ್ತಿಕೊಂಡದ್ದು ಬಲಗೈಯಲ್ಲಿ.

ಮರುದಿನ ನಶೀದಾ ರಜೆ ಹಾಕಿ ಬೆಳ್ಳಾರೆಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತಾಗ ಬಹಳ ದಿನಗಳ ಮೇಲೆ ತಲೆ ಹಗುರವಾಗಿತ್ತು. ಪೇಟೆಯಲ್ಲಿ ಇಳಿದು ಹಸ್ನಾಳಿಗೆ ಬಣ್ಣದ ಪೆನ್ಸಿಲಿನ ಪೆಟ್ಟಿಗೆ ಕೊಂಡಳು. ತವರಿನ ಗೇಟು ತೆಗೆಯುವಾಗ ಒಳಗಿನಿಂದ ತಾಯಿಯ ನಗು ಕೇಳಿಸಿತು. ಎಷ್ಟು ಒಳ್ಳೆಯ ಮನೆ ಇದು ಅನಿಸಿತು.

ಹಸ್ನಾ ಓಡಿ ಬಂದಳು. ಓಡಿ ಬಂದವಳು ತಾಯಿಯನ್ನು ತಬ್ಬಿಕೊಂಡದ್ದು ಒಂದೇ ತೋಳಿನಿಂದ. ಎಡಗೈಯನ್ನು ದೂರ ಚಾಚಿ ಹಿಡಿದಿದ್ದಳು. ಅಂಗೈ ತುಂಬ ಹಸಿ ಮದರಂಗಿ. ಬೆರಳ ತುದಿಯವರೆಗೆ ಬಳ್ಳಿ, ಹೂವು, ಎಲೆ. ಅದರ ಅಡಿಯಲ್ಲಿ ಹಿಂದಿನ ಮದರಂಗಿಯ ಬಣ್ಣ ದಟ್ಟ ಕೆಂಪಾಗಿ ಕೂತಿತ್ತು.

"ಮುಟ್ಬೇಡಿ ಉಮ್ಮ, ಹಾಳಾಗ್ತದೆ."

"ಮದುವೆ ಎಲ್ಲಿ ಮಾರಾಯ್ತಿ?" ಎಂದು ನಶೀದಾ ನಕ್ಕಳು. "ಬಲಗೈಗೆ ಇಲ್ವಾ?"

"ಬಲಗೈಗೆ ಹಾಕುದಿಲ್ಲ. ಬಲಗೈಯಲ್ಲಿ ಎಲ್ಲ ಮಾಡ್ಬೇಕಲ್ಲ."

ರುಕಿಯಾ ಕೈ ಒರಸಿಕೊಳ್ಳುತ್ತಾ ಹೊರಗೆ ಬಂದರು. ಮುಖದಲ್ಲಿ ಗೆದ್ದ ಸಂತೋಷ. "ನೋಡು ಬಾ, ನಿನ್ನ ಮಗಳು ಬಲಗೈಯಲ್ಲಿ ಅ ಆ ಇ ಈ ಬರೀತಾಳೆ. ಸ್ವಲ್ಪ ಡೊಂಕು ಉಂಟು, ಸರಿಯಾಗ್ತದೆ. ಇನ್ನು ಇಲ್ಲಿಯ ಶಾಲೆಗೆ ಹಾಕು, ಎಡಚಿ ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ನಶೀದಾಳ ನಗು ಹೋಯಿತು. "ಎಂತ ಮಾಡಿದ್ದು ಉಮ್ಮ ನೀವು? ಹೊಡೆದ್ರಾ?"

"ಛೆ, ಹೊಡೆಯುದು ಎಂತಕ್ಕೆ? ಹೊಡೆದು ಕಲಿಸುವವರು ಬುದ್ಧಿ ಇಲ್ಲದವರ ಜಾತಿ. ಚಂದ ಮಾಡಿ ಕಲಿಸ್ಬೇಕು. ಎಡಗೈಗೆ ಮದರಂಗಿ ಹಾಕಿ, ಹಸಿ ಇರುವಾಗ ಮುಟ್ಟಿದ್ರೆ ಹಾಳಾಗ್ತದೆ, ಒಣಗಿದ ಮೇಲೆ ಕೆಲಸ ಮಾಡಿದ್ರೆ ಬಣ್ಣ ಹೋಗ್ತದೆ ಅಂತ ಹೇಳುದು. ಮಾಸಿದ ಹಾಗೆ ಮತ್ತೆ ಹಾಕುದು. ಕೈ ತನ್ನಷ್ಟಕ್ಕೆ ಮರೀತದೆ." ರುಕಿಯಾ ಮಗಳ ಗಲ್ಲ ಮುಟ್ಟಿದರು. "ನಿನಗೆ ಹೊಡೆದಿದ್ದೇನಾ ನಾನು? ನೀನು ಇವಳಷ್ಟು ಹಠವೂ ಮಾಡ್ಲಿಲ್ಲ. ಬೇಗ ಎಡಗೈ ಬಿಟ್ಟೆ."

ನಶೀದಾ ಜಗಲಿಯ ಅಂಚಿನಲ್ಲಿ ಕೂತು ತನ್ನ ಎಡ ಅಂಗೈಯನ್ನು ನೋಡಿದಳು.

ನೆನಪು ಬಂತು. ಚಿಕ್ಕವಳಿರುವಾಗ ಸದಾ ಕೆಂಪಾಗಿರುತ್ತಿದ್ದ ಅಂಗೈ. ನೆಂಟರು ಹಿಡಿದು ನೋಡಿ, "ಎಷ್ಟು ಚಂದ, ಉಮ್ಮನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ" ಅನ್ನುತ್ತಿದ್ದರು. ಒಂದೇ ಕೈಗೆ ಯಾಕೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಬಲಗೈ ಊಟಕ್ಕೆ ಬೇಕಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದಳು. ಊರಿನವರ ಕೈಯನ್ನೆಲ್ಲ ಅನುಮಾನಿಸಿದವಳು ತನ್ನ ಕೈಯನ್ನು ಅನುಮಾನಿಸಿರಲಿಲ್ಲ.

ಕೂಗಾಡಬೇಕು ಅನಿಸಿತು. ಬೈಯಲು ಬಾಯಿ ತೆರೆದರೆ ಎದುರಿಗೆ ನಿಂತಿರುವುದು ಉಮ್ಮ. ಕೈಯಲ್ಲಿ ಮದರಂಗಿಯ ಕೋನು, ಮುಖದಲ್ಲಿ ಅದೇ ಪ್ರೀತಿ. ಆ ಪ್ರೀತಿ ಸುಳ್ಳೂ ಅಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು.

"ಬಾ, ಕೈ ತೊಳಿಯುವ" ಎಂದು ಮಗಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. "ಇನ್ನೂ ಹಿಡೀಲಿಲ್ಲ ಅದು, ಈಗ ತೊಳೀಬೇಡ" ಎಂದು ರುಕಿಯಾ ಹಿಂದೆಯೇ ಬಂದರು. ನಶೀದಾ ಕೇಳಲಿಲ್ಲ. ಹಸಿ ಮದರಂಗಿ ನೀರಿನಲ್ಲಿ ಹೋಯಿತು, ಅಡಿಯ ಕೆಂಪು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮಗು ನೋವಾಗಿ ಕೈ ಎಳೆದುಕೊಂಡಿತು. ನಶೀದಾ ತಿಕ್ಕುವುದನ್ನು ನಿಲ್ಲಿಸಿದಳು.

ಜಗಲಿಯಲ್ಲಿ ಮಗಳನ್ನು ಕೂರಿಸಿ ಪೆನ್ಸಿಲಿನ ಪೆಟ್ಟಿಗೆ ಬಿಚ್ಚಿದಳು, ಕಾಗದ ಹರಡಿದಳು. "ಎಡಗೈಯಲ್ಲಿ ಹಿಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಈ ಪುಟ್ಟ ಕೈಗೆ ಎಲ್ಲರೂ ಅಪ್ಪಣೆ ಕೊಟ್ಟಾಯಿತು, ಇನ್ನು ತನ್ನದೂ ಒಂದು ಯಾಕೆ? ಹಸಿರು ಪೆನ್ಸಿಲನ್ನು ಕಾಗದದ ನಡುವೆ, ಆಚೆಗೂ ಅಲ್ಲ ಈಚೆಗೂ ಅಲ್ಲ, ನೆಟ್ಟಗೆ ಇಟ್ಟಳು.

"ಎಂತ ಬೇಕಾದ್ರೂ ಬಿಡಿಸು, ಹಸ್ನಾ. ನಿನಗೆ ಹೇಗೆ ಬೇಕೋ ಹಾಗೆ."

ಹಸ್ನಾ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡಳು. ಪೆನ್ಸಿಲಿನ ಕಡೆ ನೋಡಲಿಲ್ಲ. ಕತ್ತೆತ್ತಿ ತಾಯಿಯ ಮುಖವನ್ನು ನೋಡಿದಳು, ಯಾವ ಕೈ ಎಂದು ಅಲ್ಲಿ ಹುಡುಕುತ್ತಾ.